ಕರಿಬೇವಿನ ಹೆಸರು ಕಳೆದುಹೋಗಿ ಮತ್ತೆ ಸಿಕ್ಕ ಕಥೆ

ಅಮೆರಿಕಕ್ಕೆ ಹೊರಟ ಮಗಳ ಸೂಟ್‌ಕೇಸಿಗೆ ತಾಯಿ ಚಟ್ನಿಪುಡಿ, ಹಪ್ಪಳ, ಸಾರಿನಪುಡಿ ತುಂಬುತ್ತಾಳೆ. ಕೊನೆಗೆ ಹಿತ್ತಲಿಗೆ ಹೋಗಿ ಒಂದು ಹಿಡಿ ಹಸಿ ಕರಿಬೇವು ಕಿತ್ತು, ಪೇಪರಿನಲ್ಲಿ ಸುತ್ತಿ ಸಂದಿಯಲ್ಲಿ ತೂರಿಸುತ್ತಾಳೆ. ಪುಡಿ, ಹಪ್ಪಳ ಅಲ್ಲಿಗೆ ತಲುಪುತ್ತವೆ. ಹಸಿ ಕರಿಬೇವು ಮಾತ್ರ ವಿಮಾನ ನಿಲ್ದಾಣದ ಕಸದ ಡಬ್ಬಿಗೆ ಹೋಗುತ್ತದೆ. ಒಗ್ಗರಣೆ ಸೊಪ್ಪಿನ ಮೇಲೆ ಅವರಿಗೆ ಅದೇನು ಸಿಟ್ಟು?

ಸಿಟ್ಟು ಸೊಪ್ಪಿನ ಮೇಲಲ್ಲ, ಅದರ ನೆಂಟಸ್ತಿಕೆಯ ಮೇಲೆ. ಕಿತ್ತಳೆ ತೋಟಗಳನ್ನು ಕೊಲ್ಲುವ ಒಂದು ರೋಗ, ಆ ರೋಗ ಹೊರುವ ಒಂದು ಕೀಟ, ಇವೆರಡೂ ಹರಡದಂತೆ ತಡೆಯಲು ಅಲ್ಲಿನ ಕೃಷಿ ಇಲಾಖೆ ಕಟ್ಟುಪಾಡಿನ ಗಿಡಗಳ ಪಟ್ಟಿಯೊಂದನ್ನು ಮಾಡಿದೆ. ಅದರಲ್ಲಿ ನಿಂಬೆ, ಕಿತ್ತಳೆ ಇರುವುದು ಸಹಜ. ಆದರೆ ನಮ್ಮ ಶಿವಪೂಜೆಯ ಬಿಲ್ವವೂ ಇದೆ, ಬೇಲದ ಮರವೂ ಇದೆ, ಕರಿಬೇವೂ ಇದೆ. ಕರಿಬೇವಿನ ಶಾಸ್ತ್ರೀಯ ಹೆಸರನ್ನು ಅಲ್ಲಿ ಬರೆದಿರುವ ರೀತಿ ಸ್ವಲ್ಪ ವಿಚಿತ್ರವಾಗಿದೆ. ಮೊದಲು 'ಬರ್ಗೆರಾ', ಪಕ್ಕದಲ್ಲೇ ಸಮ ಚಿಹ್ನೆ ಹಾಕಿ 'ಮುರ್ರಾಯ', ಆಮೇಲೆ 'ಕೋನಿಗೀ'. ನಮ್ಮ ಪಹಣಿಯಲ್ಲಿ 'ಬಸಪ್ಪ ಉರ್ಫ್ ಬಸವರಾಜ' ಎಂದು ಬರೆಯುತ್ತಾರಲ್ಲ, ಹಾಗೆ.

ಈ 'ಉರ್ಫ್' ಬಂದದ್ದರ ಹಿಂದೆ 250 ವರ್ಷದ ಕಥೆ ಇದೆ. ಅದು ನಮ್ಮ ಪಕ್ಕದ ತಮಿಳುನಾಡಿನ ಕಡಲ ತೀರದಲ್ಲಿ ಶುರುವಾಗಿ, ಯುರೋಪಿನ ಮೇಜುಗಳ ಮೇಲೆ ದಾರಿ ತಪ್ಪಿ, ಡಿಎನ್‌ಎ ಪರೀಕ್ಷೆಯಲ್ಲಿ ಮತ್ತೆ ದಾರಿಗೆ ಬರುತ್ತದೆ.

ಬೇವಲ್ಲದ ಬೇವು

ಮೊದಲು ನಮ್ಮ ಹೆಸರನ್ನೇ ನೋಡೋಣ. ನಾವು ಕರಿಬೇವು ಅನ್ನುತ್ತೇವೆ. ತೆಲುಗರು ಕರಿವೇಪಾಕು, ತಮಿಳರು ಕರುವೇಪ್ಪಿಲೈ. ಮೂರರಲ್ಲೂ ಬೇವು ಕೂತಿದೆ. ಕಡ್ಡಿಯ ಎರಡೂ ಕಡೆ ಸಾಲಾಗಿ ಕೂತ ಎಲೆ ನೋಡಿ ಹಿರಿಯರು ಇಟ್ಟ ಹೆಸರದು. ಗುರುತಿಗೆ ಒಳ್ಳೆಯ ಹೆಸರು. ಆದರೆ ಕರಿಬೇವು ಬೇವಿನ ಮನೆಯದಲ್ಲ, ನಿಂಬೆಯ ಮನೆಯದು.

ಇದನ್ನು ನೀವೇ ನೋಡಬಹುದು. ಒಂದು ಕರಿಬೇವಿನ ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ಸೂಜಿಮೊನೆ ಚುಚ್ಚಿದ ಹಾಗೆ ಸಣ್ಣ ಸಣ್ಣ ಬೆಳಕಿನ ಚುಕ್ಕೆ ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು, ಒಗ್ಗರಣೆಯಲ್ಲಿ ಚಟಪಟ ಅಂದಾಗ ಬರುವ ಘಮ ಅಲ್ಲಿಂದಲೇ. ಈಗ ನಿಂಬೆ ಎಲೆ ಹಿಡಿಯಿರಿ, ಬಿಲ್ವಪತ್ರೆ ಹಿಡಿಯಿರಿ. ಅದೇ ಚುಕ್ಕೆ. ಬೇವಿನ ಎಲೆಯಲ್ಲಿ ಈ ಚುಕ್ಕೆ ಕಾಣುವುದಿಲ್ಲ.

ಈ ಕುಟುಂಬದಲ್ಲಿ ಸುಮಾರು 160 ಕುಲಗಳಿವೆ, ಸುಮಾರು 2000 ಜಾತಿಗಳಿವೆ. ನಿಂಬೆ, ಕಿತ್ತಳೆ, ಚಕ್ಕೋತ, ಮಾದಳ, ಬಿಲ್ವ, ಬೇಲ ಎಲ್ಲ ಇಲ್ಲಿಯವೇ. ಮಲೆನಾಡು, ಕರಾವಳಿಯ ಅಡುಗೆಗೆ ಬೀಳುವ, ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿಯೂ ಇಲ್ಲಿಯದೇ. ಹಿತ್ತಲಿನ ಮೂಲೆಯಲ್ಲಿ ಘಾಟು ಬೀರುವ ನಾಗದಾಳಿಯಂತೂ ಇಡೀ ಕುಟುಂಬಕ್ಕೆ ಹೆಸರು ಕೊಟ್ಟ ಗಿಡ. ನಾಗದಾಳಿಯ ಶಾಸ್ತ್ರೀಯ ಹೆಸರು ರೂಟಾ, ಅದರಿಂದ ಕುಟುಂಬಕ್ಕೆ ರೂಟೇಸಿ ಎಂದು ಹೆಸರು.

ಇವೆಲ್ಲ ಒಂದೇ ಮನೆಯವು ಎನ್ನುವುದರಲ್ಲಿ ಜಗಳ ಇರಲಿಲ್ಲ. ಮನೆಯೊಳಗೆ ಯಾರು ಯಾರ ಅಣ್ಣತಮ್ಮ, ಯಾರು ದೂರದ ದಾಯಾದಿ ಎನ್ನುವುದೇ ಜಗಳ.

ತರಂಗಂಬಾಡಿಯ ವೈದ್ಯ

1768ರಲ್ಲಿ ಯೊಹಾನ್ ಗೆರ್ಹಾರ್ಡ್ ಕೋನಿಗ್ ಎಂಬ ವೈದ್ಯ ತರಂಗಂಬಾಡಿಗೆ ಬಂದಿಳಿದ. ಆಗ ಅದು ಡೆನ್ಮಾರ್ಕ್‌ನವರ ಕೈಯಲ್ಲಿದ್ದ ಬಂದರು, ಅವರು ಟ್ರಾಂಕೆಬಾರ್ ಅನ್ನುತ್ತಿದ್ದರು. ಜರ್ಮನಿಯ ಹಾಲೆ ಪಟ್ಟಣದ ನಂಟಿದ್ದ ಕ್ರೈಸ್ತ ಮಿಷನ್ ಅಲ್ಲಿ ಕೆಲಸ ಮಾಡುತ್ತಿತ್ತು, ಕೋನಿಗ್ ಅದರ ವೈದ್ಯ. ಆದರೆ ಅವನ ಮನಸ್ಸು ಗಿಡಗಳ ಮೇಲೆ. ಸ್ವೀಡನ್ನಿನ ಲಿನೇಯಸ್ ಬಳಿ ಕಲಿತವನು ಅವನು. ಜಗತ್ತಿನ ಪ್ರತಿ ಗಿಡಕ್ಕೂ ಎರಡು ಪದದ ಹೆಸರು ಕೊಡುವ ಪದ್ಧತಿ ಕಟ್ಟಿದವರು ಈ ಲಿನೇಯಸ್. ಮೊದಲ ಪದ ಕುಲದ್ದು, ಎರಡನೆಯದು ಜಾತಿಯದ್ದು. ಮನೆತನದ ಹೆಸರು ಮತ್ತು ಸ್ವಂತ ಹೆಸರು ಇದ್ದ ಹಾಗೆ.

ಕೋನಿಗ್ ಇಲ್ಲಿಂದ ಗಿಡಗಳನ್ನು ಒಣಗಿಸಿ, ವಿವರ ಬರೆದು ಗುರುವಿಗೆ ಕಳಿಸುತ್ತಿದ್ದ. 1771ರಲ್ಲಿ ಲಿನೇಯಸ್ ಹೊರತಂದ ಪುಸ್ತಕದಲ್ಲಿ ಕೋನಿಗ್ ಗುರುತಿಸಿದ ಎರಡು ಹೊಸ ಕುಲಗಳು ಅಕ್ಕಪಕ್ಕದಲ್ಲೇ ಬಂದವು. ಒಂದು ಬರ್ಗೆರಾ. ಅದರಲ್ಲಿದ್ದದ್ದು ಕರಿಬೇವು, ಕೋನಿಗ್‌ನ ಗೌರವಕ್ಕಾಗಿ ಅದಕ್ಕೆ ಬರ್ಗೆರಾ ಕೋನಿಗೀ ಎಂದು ಹೆಸರಾಯಿತು. ಇನ್ನೊಂದು ಮುರ್ರಾಯ. ಲಿನೇಯಸ್‌ನ ಇನ್ನೊಬ್ಬ ಶಿಷ್ಯ, ಗೊಟ್ಟಿಂಗೆನ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಯೊಹಾನ್ ಆಂಡ್ರಿಯಾಸ್ ಮುರ್ರೆಯ ನೆನಪಿಗೆ ಇಟ್ಟ ಹೆಸರು. ಮುರ್ರಾಯ ಕುಲದ ಗಿಡ ನಿಮಗೂ ಗೊತ್ತು. ನರ್ಸರಿಯವರು ಕಾಮಿನಿ, ಮಧುಕಾಮಿನಿ ಎಂದು ಮಾರುತ್ತಾರೆ. ಕಾಂಪೌಂಡಿನ ಪಕ್ಕ ಬೇಲಿಯಾಗಿ ಕತ್ತರಿಸಿ ಬೆಳೆಸುತ್ತಾರೆ. ಬಿಳಿ ಹೂ, ಸಂಜೆಗೆ ಬೀದಿ ತುಂಬುವ ಪರಿಮಳ, ಆಮೇಲೆ ಕೆಂಪು ಹಣ್ಣು.

ಅಂದರೆ ಕೋನಿಗ್ ಎರಡೂ ಗಿಡ ನೋಡಿ, ಇವು ಬೇರೆ ಬೇರೆ ಮನೆತನ ಎಂದು ಬರೆದುಕೊಟ್ಟಿದ್ದ. ಆಮೇಲೆ ಅವನು ಆರ್ಕಾಟಿನ ನವಾಬನ ಬಳಿ, ನಂತರ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ಮಾಡಿ 1785ರಲ್ಲಿ ತೀರಿಕೊಂಡ. ಯುರೋಪಿಗೆ ವಾಪಸಾಗಲಿಲ್ಲ. ಅವನ ಕಾಗದಪತ್ರ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಕೈ ಸೇರಿತು.

ಹಾಲೆಯಲ್ಲಿ ಕಲಸಿದ ಹೆಸರು

1825ರಲ್ಲಿ ಕುರ್ಟ್ ಸ್ಪ್ರೆಂಗೆಲ್ ಎಂಬ ಸಸ್ಯಶಾಸ್ತ್ರಜ್ಞ ಜಗತ್ತಿನ ಗಿಡಗಳ ದೊಡ್ಡ ಪಟ್ಟಿಯೊಂದನ್ನು ಹೊರತರುತ್ತಿದ್ದ. ಅವನು ಇದ್ದದ್ದು ಅದೇ ಹಾಲೆ ಪಟ್ಟಣದಲ್ಲಿ. ಆ ಪಟ್ಟಿಯಲ್ಲಿ ಅವನು ಕರಿಬೇವನ್ನು ಬರ್ಗೆರಾದಿಂದ ಎತ್ತಿ ಮುರ್ರಾಯದೊಳಗೆ ಸೇರಿಸಿದ. ಕರಿಬೇವು ಮುರ್ರಾಯ ಕೋನಿಗೀ ಆಯಿತು.

ಸ್ಪ್ರೆಂಗೆಲ್ ತೀರ್ಮಾನ ಹುಚ್ಚು ತೀರ್ಮಾನವಲ್ಲ. ಎರಡಕ್ಕೂ ಸಾಲು ಎಲೆ, ಎರಡಕ್ಕೂ ಐದು ಎಸಳಿನ ಬಿಳಿ ಹೂ, ಎರಡಕ್ಕೂ ಗೊಂಚಲಿನಲ್ಲಿ ಸಣ್ಣ ಹಣ್ಣು. ಒಂದರದು ಕಪ್ಪು, ಇನ್ನೊಂದರದು ಕೆಂಪು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಎರಡು ಕುಲ ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು. ಮುಂದೆ ಬಂದವರೆಲ್ಲ ಅದನ್ನೇ ನಕಲು ಮಾಡಿದರು. ನಮ್ಮ ಕಾಲೇಜು ಪುಸ್ತಕ, ಔಷಧಿ ಡಬ್ಬಿ, ನರ್ಸರಿ ಚೀಟಿ ಎಲ್ಲ ಕಡೆ ಮುರ್ರಾಯವೇ ನಿಂತಿತು. ಬರ್ಗೆರಾ ಹಳೆ ಕಡತಕ್ಕೆ ಸೇರಿತು.

ಜಾಗದಲ್ಲಿ ನಿಂತು ಬರೆದದ್ದನ್ನು ಡೆಸ್ಕಿನಲ್ಲಿ ಕೂತವರು ತಿದ್ದುವುದು ನಮ್ಮ ಕಸುಬಿನಲ್ಲೂ ಇದೆ. ಎಷ್ಟೋ ಸಲ ಡೆಸ್ಕಿನವರೇ ಸರಿ, ಅದನ್ನು ಒಪ್ಪಬೇಕು. ಇಲ್ಲಿ ಯಾರು ಸರಿ ಎಂದು ಗೊತ್ತಾಗಲು ಹತ್ತಿರ ಹತ್ತಿರ ಎರಡು ಶತಮಾನ ಬೇಕಾಯಿತು.

ನೋಟ ಸೋತ ಕಡೆ

ಕರಿಬೇವಿನದು ಒಂಟಿ ಪ್ರಕರಣವಲ್ಲ. ಇಡೀ ಕುಟುಂಬದ ವಿಂಗಡಣೆ ನಡೆದದ್ದು ಕಣ್ಣಿನ ಅಳತೆಯಲ್ಲೇ. ಜರ್ಮನಿಯ ಅಡಾಲ್ಫ್ ಎಂಗ್ಲರ್ 1896ರಲ್ಲೂ 1931ರಲ್ಲೂ ಈ ಕುಟುಂಬವನ್ನು ಮುಖ್ಯವಾಗಿ ಕಾಯಿ ನೋಡಿ ಭಾಗ ಮಾಡಿದ. ಒಣಗಿ ಬಿರಿಯುವ ಕಾಯಿಯವು ಒಂದು ಕಡೆ, ಬಿರಿಯದ ತಿರುಳಿನ ಕಾಯಿಯವು ಇನ್ನೊಂದು ಕಡೆ, ಕಿತ್ತಳೆಯಂಥ ಹಣ್ಣಿನವು ಮತ್ತೊಂದು ಕಡೆ. ಹೀಗೆ ಜುಮ್ಮನಕಾಯಿ ಒಂದು ಗುಂಪಿಗೆ ಹೋಯಿತು. ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಮುಳ್ಳು ಹಬ್ಬಿಸಿಕೊಂಡು ಬೆಳೆಯುವ ಟೊಡ್ಡಾಲಿಯಾ ಎಂಬ ಬಳ್ಳಿ ಬೇರೆ ಗುಂಪಿಗೆ ಹೋಯಿತು.

ನಿಂಬೆ ಕಿತ್ತಳೆಯ ವಿಷಯದಲ್ಲಂತೂ ಕಣ್ಣಿನ ಅಳತೆ ಪೂರ್ತಿ ಕೈಕೊಟ್ಟಿತು. ಅಮೆರಿಕದ ವಾಲ್ಟರ್ ಸ್ವಿಂಗಲ್ 1943ರಲ್ಲಿ ಲೆಕ್ಕ ಹಾಕಿ, ಸಿಟ್ರಸ್ ಕುಲದಲ್ಲಿ 16 ಜಾತಿ ಇವೆ ಎಂದರು. ಜಪಾನಿನ ಟ್ಯೋಜಾಬುರೊ ತನಕ ಎಣಿಸುತ್ತ ಎಣಿಸುತ್ತ 162ಕ್ಕೆ ಹೋದರು. ಇಬ್ಬರೂ ಆಯುಷ್ಯವನ್ನೇ ಈ ಹಣ್ಣುಗಳಿಗೆ ಕೊಟ್ಟವರು. ಅದೇ ಗಿಡಗಳನ್ನು ನೋಡಿ ಒಬ್ಬರು 16, ಇನ್ನೊಬ್ಬರು 162 ಅಂದರೆ ತಪ್ಪು ಜನರದ್ದಲ್ಲ, ಅಳತೆಗೋಲಿನದು.

ಸ್ವಿಂಗಲ್ ಅವರೂ ಕರಿಬೇವು ಮತ್ತು ಕಾಮಿನಿಯನ್ನು ಒಂದೇ ಕುಲದಲ್ಲಿ ಇಟ್ಟರು. ಎರಡೂ ಕಿತ್ತಳೆಗೆ ದೂರದ ನೆಂಟರು ಎಂದು ಬರೆದರು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರಸಾಯನದ ಸಾಕ್ಷಿ

ಮೊದಲ ಅನುಮಾನ ಬಂದದ್ದು ರಸಾಯನಶಾಸ್ತ್ರದ ಕಡೆಯಿಂದ. ಕೋಲ್ಕತ್ತಾದ ಬೋಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಿ. ಪಿ. ಚಕ್ರವರ್ತಿ ಮತ್ತು ಸಂಗಡಿಗರು ಕರಿಬೇವಿನ ಗಿಡದಿಂದ ಕಾರ್ಬಜೋಲ್ ಎಂಬ ಗುಂಪಿಗೆ ಸೇರಿದ ರಾಸಾಯನಿಕವೊಂದನ್ನು ಬೇರ್ಪಡಿಸಿದರು. 1965ರಲ್ಲಿ ಅದರ ರಚನೆ ಪ್ರಕಟವಾಯಿತು. ಗಿಡದ ಹೆಸರು ಮುರ್ರಾಯ ಆದ್ದರಿಂದ ಅದಕ್ಕೆ ಮುರ್ರಾಯನಿನ್ ಎಂದು ಹೆಸರಿಟ್ಟರು. ಮುಂದೆ ಕರಿಬೇವಿನಲ್ಲಿ ಇಂಥ ಕಾರ್ಬಜೋಲ್‌ಗಳು ಒಂದರ ಹಿಂದೆ ಒಂದು ಸಿಕ್ಕವು.

1986ರಲ್ಲಿ ಹಾಂಗ್‌ಕಾಂಗ್ ಮತ್ತು ಚೀನಾದ ಸಂಶೋಧಕರು ಚೀನಾದಲ್ಲಿ ಬೆಳೆಯುವ ಮುರ್ರಾಯ ಗಿಡಗಳನ್ನೆಲ್ಲ ಸಾಲಾಗಿ ಪರೀಕ್ಷಿಸಿದರು. ಕುಲ ಎರಡು ಪಾಲಾಗಿ ನಿಂತಿತು. ಕರಿಬೇವಿನ ಬಳಗದಲ್ಲಿ ಕಾರ್ಬಜೋಲ್ ಇದೆ. ಕಾಮಿನಿಯ ಬಳಗದಲ್ಲಿ ಅದಿಲ್ಲ, ಅದರ ಬದಲು ಬೇರೆಯೇ ರಾಸಾಯನಿಕಗಳಿವೆ. ಮುರ್ರಾಯನಿನ್ ಎಂದು ಹೆಸರಿಟ್ಟ ವಸ್ತುವೇ 'ನಾನು ಮುರ್ರಾಯದವನಲ್ಲ' ಎಂದು ಸಾಕ್ಷಿ ಹೇಳಿದಂತಾಯಿತು.

ಆದರೆ ಈ ಸಾಕ್ಷಿ ಒಂದೇ ಸಾಲದು. ಒಂದೇ ರಾಸಾಯನಿಕವನ್ನು ಸಂಬಂಧವಿಲ್ಲದ ಎರಡು ಗಿಡಗಳೂ ತಯಾರಿಸಬಲ್ಲವು. ಕಾಫಿಯಲ್ಲೂ ಚಹಾದಲ್ಲೂ ಕೆಫೀನ್ ಇದೆ, ಹಾಗಂತ ಕಾಫಿ ಮತ್ತು ಚಹಾ ಅಣ್ಣತಮ್ಮಂದಿರಲ್ಲ. ಇನ್ನೂ ಗಟ್ಟಿ ದಾಖಲೆ ಬೇಕಿತ್ತು.

ಪಹಣಿಯ ತಪ್ಪು, ಡಿಎನ್‌ಎಯ ತಪ್ಪು

ಆ ದಾಖಲೆ ಡಿಎನ್‌ಎ. ಅದನ್ನು ಓದಿ ವಂಶ ಹೇಳುವುದು ಹೇಗೆ? ಇದು ಹಳ್ಳಿಯವರಿಗೆ ಗೊತ್ತಿರುವ ವಿದ್ಯೆಯೇ.

ಒಂದು ಮನೆಯ ಅಜ್ಜನ ಹೆಸರು ಚನ್ನಬಸಪ್ಪ. ಯಾವುದೋ ಕಾಲದಲ್ಲಿ ಬರೆಯುವವರು ಒತ್ತು ಬಿಟ್ಟು 'ಚನಬಸಪ್ಪ' ಎಂದು ಬರೆದರು. ಆ ಕಾಗದ ನೋಡಿ ಮಾಡಿದ ಪಹಣಿ, ರೇಷನ್ ಕಾರ್ಡು, ಶಾಲೆಯ ದಾಖಲೆ, ಆಧಾರ್ ಎಲ್ಲದರಲ್ಲೂ 'ಚನಬಸಪ್ಪ'. ಮುಂದೆ ಅದರಲ್ಲಿ ಒಂದು ಕವಲಿನಲ್ಲಿ ಮಾತ್ರ 'ಚನಬಸಪ' ಆಯಿತು. ಅಲ್ಲಿಂದ ನಕಲಾದವೆಲ್ಲ 'ಚನಬಸಪ'. ಹತ್ತು ದಾಖಲೆಗಳನ್ನು ಸಾಲಾಗಿ ಇಟ್ಟುಕೊಂಡು ಯಾವ ಯಾವ ತಪ್ಪು ಯಾವುದರಲ್ಲಿ ಸಮ ಇದೆ ಎಂದು ನೋಡಿದರೆ, ಯಾವುದು ಯಾವುದರ ನಕಲು ಎಂದು ಕೂತಲ್ಲೇ ಹೇಳಬಹುದು. ಸರಿ ಇರುವ ಅಕ್ಷರ ಏನೂ ಹೇಳುವುದಿಲ್ಲ. ಹಂಚಿಕೊಂಡ ತಪ್ಪೇ ವಂಶ ಹೇಳುತ್ತದೆ.

ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳ ಬರಹ. ಎ, ಟಿ, ಜಿ, ಸಿ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಪರೂಪಕ್ಕೆ ಒಂದು ಅಕ್ಷರ ಬದಲಾಗುತ್ತದೆ. ಬದಲಾದದ್ದು ಮಕ್ಕಳು, ಮೊಮ್ಮಕ್ಕಳಿಗೆ ಹಾಗೇ ಹೋಗುತ್ತದೆ. ಬೇರೆ ಬೇರೆ ಗಿಡಗಳ ಒಂದೇ ಜೀನನ್ನು ಸಾಲಾಗಿ ಇಟ್ಟು ಹಂಚಿಕೊಂಡ ಬದಲಾವಣೆಗಳನ್ನು ಎಣಿಸಿ ವಂಶವೃಕ್ಷ ಬಿಡಿಸುವ ವಿದ್ಯೆಗೆ ಮಾಲಿಕ್ಯುಲರ್ ಫೈಲೋಜೆನೆಟಿಕ್ಸ್ ಎನ್ನುತ್ತಾರೆ.

ಎರಡು ಸಲಕರಣೆ ಇದನ್ನು ಸಾಧ್ಯ ಮಾಡಿದವು. 1977ರಲ್ಲಿ ಇಂಗ್ಲೆಂಡಿನ ಫ್ರೆಡ್ರಿಕ್ ಸ್ಯಾಂಗರ್ ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದುವ ವಿಧಾನ ಕೊಟ್ಟರು. 1983ರಲ್ಲಿ ಅಮೆರಿಕದ ಕ್ಯಾರಿ ಮುಲಿಸ್ ಚೂರು ಡಿಎನ್‌ಎಯನ್ನು ಕೋಟಿಗಟ್ಟಲೆ ನಕಲು ಮಾಡುವ ಪಿಸಿಆರ್ ವಿಧಾನ ಕಂಡುಹಿಡಿದರು. ಕೊರೊನಾ ಕಾಲದಲ್ಲಿ ನಮ್ಮ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಆ ಪರೀಕ್ಷೆಯ ಹೆಸರಿನಲ್ಲಿದ್ದ ಪಿಸಿಆರ್ ಇದೇ.

ಗಿಡಗಳಲ್ಲಿ ಮೊದಲು ಓದಿದ್ದು ಎಲೆಯ ಹಸಿರು ಕಣದ, ಅಂದರೆ ಕ್ಲೋರೋಪ್ಲಾಸ್ಟಿನ ಡಿಎನ್‌ಎ. ಅದರಲ್ಲಿ ಆರ್‌ಬಿಸಿಎಲ್ ಎಂಬ ಜೀನು ಸುಮಾರು 1400 ಅಕ್ಷರದ್ದು, ಹಸಿರು ಗಿಡಗಳಲ್ಲೆಲ್ಲ ಸಿಗುತ್ತದೆ, ನಿಧಾನವಾಗಿ ಬದಲಾಗುತ್ತದೆ. ಹೋಲಿಸಲು ಹೇಳಿ ಮಾಡಿಸಿದಂಥ ಕಾಗದ. 1993ರಲ್ಲಿ ಮಾರ್ಕ್ ಚೇಸ್ ಮತ್ತು ದೊಡ್ಡ ತಂಡವೊಂದು ಸುಮಾರು 500 ಬೀಜಸಸ್ಯಗಳ ಈ ಜೀನನ್ನು ಸಾಲಾಗಿಟ್ಟು ಮರ ಬಿಡಿಸಿತು. ಗಿಡಗಳ ವಿಂಗಡಣೆ ಅಲ್ಲಿಂದ ಬೇರೆ ದಾರಿ ಹಿಡಿಯಿತು.

ಹೆಸರು ಮರಳಿತು

1999ರಲ್ಲಿ ಚೇಸ್, ಸಿಂಥಿಯಾ ಮಾರ್ಟನ್, ಜಾಕ್ವೆಲಿನ್ ಕಲ್ಲುಂಕಿ ಮೂವರು ನಿಂಬೆ ಕುಟುಂಬವನ್ನೇ ಹಿಡಿದು, ಎರಡು ಜೀನುಗಳನ್ನು ಓದಿದರು. ಕಾಯಿ ನೋಡಿ ಎಂಗ್ಲರ್ ಮಾಡಿದ ಗುಂಪುಗಳಲ್ಲಿ ಕಿತ್ತಳೆಯ ಗುಂಪು ಗಟ್ಟಿಯಾಗಿ ಉಳಿಯಿತು. ಬಿರಿಯುವ ಕಾಯಿ, ಬಿರಿಯದ ಕಾಯಿ ಎಂಬ ದೊಡ್ಡ ಗುಂಪುಗಳು ಉಳಿಯಲಿಲ್ಲ. ಕಾಯಿ ಬಿರಿಯುವುದು, ಬಿರಿಯದಿರುವುದು ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆ ಸಲ ಬದಲಾಗಿದೆ. ದೂರ ಇಟ್ಟಿದ್ದ ಟೊಡ್ಡಾಲಿಯಾ ಬಳ್ಳಿ ಜುಮ್ಮನಕಾಯಿಯ ಒಡಹುಟ್ಟು ಎಂದಾಯಿತು, 2018ರಲ್ಲಿ ಅದನ್ನು ಜುಮ್ಮನಕಾಯಿಯ ಕುಲಕ್ಕೇ ಸೇರಿಸಿದರು. ಒಣಕಾಯಿಯ ನಾಗದಾಳಿ ರಸ ತುಂಬಿದ ಕಿತ್ತಳೆ ಗುಂಪಿನ ಹತ್ತಿರ ಬಂದು ಕೂತಿತು.

ಕರಿಬೇವಿನ ಸರದಿ ಬಂದದ್ದು 2001ರಲ್ಲಿ. ವಿಯೆನ್ನಾದಲ್ಲಿ ರೋಸಬೆಲ್ ಸ್ಯಾಮ್ಯುಯೆಲ್ ಮತ್ತು ಸಂಗಡಿಗರು ಕಿತ್ತಳೆ ಗುಂಪಿನ ಗಿಡಗಳ ಕ್ಲೋರೋಪ್ಲಾಸ್ಟ್ ಡಿಎನ್‌ಎ ಓದಿದರು. ಆ ತಂಡದಲ್ಲಿ ರಸಾಯನ ಬಲ್ಲವರೂ ಇದ್ದರು. ಡಿಎನ್‌ಎ ಮತ್ತು ರಾಸಾಯನಿಕ ಎರಡನ್ನೂ ಎದುರುಬದುರು ಇಟ್ಟು ನೋಡಿದರು. ಎರಡೂ ಒಂದೇ ಮಾತು ಹೇಳಿದವು. ಕರಿಬೇವು ಮತ್ತು ಕಾಮಿನಿ ಅಕ್ಕತಂಗಿಯರಲ್ಲ. ಕರಿಬೇವು ಕ್ಲಾಸೆನಾ ಎಂಬ ಕುಲದ ಹತ್ತಿರದ್ದು. ಚೀನಾದಲ್ಲಿ ಹಣ್ಣಿಗಾಗಿ ಬೆಳೆಯುವ ವಾಂಪಿ ಆ ಕುಲದ್ದು. ಕಾಮಿನಿ ಮಾತ್ರ ಆ ಕಡೆ ಬಿಟ್ಟು ನಿಂಬೆ, ಕಿತ್ತಳೆ ಇರುವ ಕವಲಿಗೆ ಹೋಯಿತು. ಸ್ವಿಂಗಲ್ ದೂರದ ನೆಂಟ ಎಂದಿದ್ದ ಕಾಮಿನಿ ಕಿತ್ತಳೆಗೆ ಹತ್ತಿರದ ನೆಂಟ ಎಂದಾಯಿತು.

2009ರಲ್ಲಿ ರ‍್ಯಾಂಡಲ್ ಬೇಯರ್ ತಂಡ ಕ್ಲೋರೋಪ್ಲಾಸ್ಟಿನ 9 ಭಾಗಗಳನ್ನು ಓದಿದಾಗಲೂ ಇದೇ ಚಿತ್ರ ಬಂತು. ಒಂದೇ ಕುಲ ಎಂದು ಹೇಳಿಕೊಳ್ಳಲು ಇನ್ನು ದಾರಿ ಇರಲಿಲ್ಲ. ಮುರ್ರಾಯ ಎಂಬ ಹೆಸರು ಕಾಮಿನಿಗೆ ಉಳಿಯಿತು. ಕರಿಬೇವಿಗೆ ಹೊಸ ಹೆಸರು ಹುಡುಕುವ ಕಷ್ಟವೇ ಬರಲಿಲ್ಲ, ಹಳೆ ಕಡತದಲ್ಲಿ ಬರ್ಗೆರಾ ಕಾಯುತ್ತ ಕೂತಿತ್ತು. 1771ರಲ್ಲಿ ತರಂಗಂಬಾಡಿಯ ವೈದ್ಯನ ಮಾತಿನ ಮೇಲೆ ಕೊಟ್ಟ ಹೆಸರು ಸುಮಾರು 230 ವರ್ಷಕ್ಕೆ ಮತ್ತೆ ಎದ್ದು ಬಂತು. ಹಳೆ ಹೆಸರು ಇನ್ನೂ ಬಳಕೆಯಲ್ಲಿ ಇರುವುದರಿಂದ ಅಮೆರಿಕದ ನಿಯಮಪಟ್ಟಿಯಲ್ಲಿ ಎರಡನ್ನೂ ಬರೆದಿದ್ದಾರೆ. ಆ 'ಉರ್ಫ್' ಬಂದದ್ದು ಹೀಗೆ.

ನಮ್ಮ ಹಿರಿಯರ ಮಾತೂ ಪೂರ್ತಿ ಸೋಲಲಿಲ್ಲ. ಡಿಎನ್‌ಎ ಮರದಲ್ಲಿ ಬೇವಿನ ಕುಟುಂಬ ಮತ್ತು ನಿಂಬೆಯ ಕುಟುಂಬ ಒಂದೇ ದೊಡ್ಡ ಗಣದ ಹತ್ತಿರದ ಕವಲುಗಳು. ಮಾವು, ಅಂಟುವಾಳ ಕೂಡ ಅದೇ ಗಣದವು. ಬೇವು, ಕರಿಬೇವು ಒಂದೇ ಮನೆಯವರಲ್ಲ, ಆದರೆ ಒಂದೇ ಕೇರಿಯವರು ಹೌದು.

ಮರ ಬಲೆಯಾದಾಗ

ನಿಂಬೆ, ಕಿತ್ತಳೆಯ 16 ಮತ್ತು 162ರ ಜಗಳ ಏನಾಯಿತು? ಅದಕ್ಕೂ ಡಿಎನ್‌ಎ ಉತ್ತರ ಕೊಟ್ಟಿತು, ಆದರೆ ಅದು ಕವಲೊಡೆದ ಮರದ ಹಾಗಿರಲಿಲ್ಲ.

ನಾವು ತಿನ್ನುವ ಹಣ್ಣುಗಳಲ್ಲಿ ಹೆಚ್ಚಿನವು ಬೆರಕೆ ಹುಟ್ಟಿನವು. ಮೂಲದಲ್ಲಿ ಮುಖ್ಯವಾಗಿ ಮೂರು. ಚಕ್ಕೋತ, ಸಿಪ್ಪೆ ಸಡಿಲದ ಕಿತ್ತಳೆ, ಮಾದಳ. ಈ ಮಾತನ್ನು 1976ರಲ್ಲೇ ಬ್ಯಾರೆಟ್ ಮತ್ತು ರೋಡ್ಸ್ ಗಿಡದ ಗುಣಗಳ ಲೆಕ್ಕ ಹಾಕಿ ಹೇಳಿದ್ದರು. 2000ದಲ್ಲಿ ಇಟಲಿಯ ಎಲಿಸಬೆಟ್ಟಾ ನಿಕೊಲೊಸಿ ತಂಡ ಡಿಎನ್‌ಎ ಗುರುತುಗಳಿಂದ ಗಟ್ಟಿ ಮಾಡಿತು. ಕ್ಲೋರೋಪ್ಲಾಸ್ಟ್ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಹಾಗಾಗಿ ಕ್ಲೋರೋಪ್ಲಾಸ್ಟ್ ಓದಿ ತಾಯಿ ಯಾರು, ಉಳಿದ ಡಿಎನ್‌ಎ ಓದಿ ತಂದೆ ಯಾರು ಎಂದು ಹೇಳಬಹುದು. ಚಕ್ಕೋತ ತಾಯಿ, ಕಿತ್ತಳೆ ತಂದೆ, ಹುಟ್ಟಿದ್ದು ಹುಳಿಕಿತ್ತಳೆ. ಆ ಹುಳಿಕಿತ್ತಳೆಗೆ ಮಾದಳ ಕೂಡಿ ದೊಡ್ಡ ಹಳದಿ ಲೆಮನ್ ಹುಟ್ಟಿತು. ಮೂಸಂಬಿಯನ್ನು ಇಂಗ್ಲಿಷಿನಲ್ಲಿ 'ಸ್ವೀಟ್ ಲೈಮ್' ಎಂದು ಕರೆದರೂ ಅದು ಚಕ್ಕೋತ ಮತ್ತು ಕಿತ್ತಳೆ ಬೆರೆತ ಸಿಹಿಕಿತ್ತಳೆಯೇ.

ನಮ್ಮ ಇಂಡಿಯ ನಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ದೇವನಹಳ್ಳಿ ಚಕ್ಕೋತಕ್ಕೂ ಇದೆ, ಕೊಡಗಿನ ಕಿತ್ತಳೆಗೂ ಇದೆ. ಇವುಗಳಲ್ಲಿ ಚಕ್ಕೋತ ಮೂಲ ಜಾತಿ, ಕೊಡಗಿನ ಕಿತ್ತಳೆ ಇನ್ನೊಂದು ಮೂಲ ಜಾತಿಯ ಬಳಗ. ನಿಂಬೆ ಮಾತ್ರ ಬೆರಕೆ. ಅದರ ತಂದೆ ಮಾದಳ. ತಾಯಿ ಮೈಕ್ರಾಂತಾ ಎಂಬ, ಫಿಲಿಪೈನ್ಸ್ ಕಡೆಯ ಕಾಡುಹುಳಿ.

ಬೆರಕೆ ಆದರೂ ನಿಂಬೆಯ ಬೀಜ ಹಾಕಿದರೆ ಅದೇ ನಿಂಬೆ ಯಾಕೆ ಬರುತ್ತದೆ? ಒಂದು ನಿಂಬೆ ಬೀಜದಿಂದ ಎರಡು ಮೂರು ಸಸಿ ಏಳುವುದನ್ನು ಬೆಳೆಗಾರರು ನೋಡಿರುತ್ತಾರೆ. ಅದರಲ್ಲಿ ಹೆಚ್ಚಿನವು ಪರಾಗ ಕೂಡಿ ಆದವಲ್ಲ, ತಾಯಿಗಿಡದ ಅಂಗಾಂಶದಿಂದಲೇ ಎದ್ದ ನಕಲುಗಳು. ಹೀಗೆ ಒಂದು ಬೆರಕೆ ಗಿಡ ಊರೂರಿಗೆ ಅಚ್ಚು ಒತ್ತಿದಂತೆ ಹರಡುತ್ತದೆ, ನೋಡಿದವರಿಗೆ ಬೇರೆ ಜಾತಿಯಂತೆ ಕಾಣುತ್ತದೆ. ತನಕ ಅವರ ಲೆಕ್ಕ 162ಕ್ಕೆ ಏರಲು ಇಂಥ ನಕಲುಗಳೂ ಕಾರಣ. ನಮ್ಮಲ್ಲಿ ಹೇರಳೆ, ಗಜನಿಂಬೆ, ಕಂಚಿಕಾಯಿ ಎಂದು ಊರಿಗೊಂದು ಹೆಸರು, ಹೆಸರಿಗೊಂದು ಹಣ್ಣು ಇರುವುದೂ ಈ ಬೆರಕೆಯಿಂದಲೇ.

2018ರಲ್ಲಿ ಗುವೊಹಾಂಗ್ ಆಲ್ಬರ್ಟ್ ವು ಮತ್ತು ಸಂಗಡಿಗರು 60 ಗಿಡಗಳ ಪೂರ್ತಿ ಡಿಎನ್‌ಎ ಹೋಲಿಸಿ, ಮೂಲ ಜಾತಿಗಳು 10 ಎಂದು ಗುರುತಿಸಿದರು. ಈ ಕುಲ ಸುಮಾರು 80 ಲಕ್ಷ ವರ್ಷದ ಹಿಂದೆ ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಯುನ್ನಾನ್ ಸೇರುವ ಹಿಮಾಲಯದ ತಪ್ಪಲಿನಿಂದ ಹರಡಿತು ಎಂದರು.

ನೆಂಟಸ್ತಿಕೆಯ ದಾರಿಯಲ್ಲಿ ಬರುವ ರೋಗ

ಇಷ್ಟೆಲ್ಲ ಆಗಿ, ಗಿಡದ ಹೆಸರು ಬರ್ಗೆರಾ ಆದರೇನು, ಮುರ್ರಾಯ ಆದರೇನು, ಸಾರಿಗೆ ಘಮ ಬಂದರೆ ಸಾಕಲ್ಲವೇ? ಸಾರಿಗೆ ಸಾಕು, ತೋಟಕ್ಕೆ ಸಾಲದು.

ಕಿತ್ತಳೆ, ನಿಂಬೆಗೆ ಗ್ರೀನಿಂಗ್ ಎಂಬ ರೋಗವಿದೆ. ಎಲೆ ಮಚ್ಚೆಮಚ್ಚೆಯಾಗಿ ಹಳದಿಯಾಗುತ್ತದೆ, ಕಾಯಿ ಸೊಟ್ಟಗೆ ಸಣ್ಣದಾಗಿ, ತೊಟ್ಟಿನ ಕಡೆ ಹಣ್ಣಾದರೂ ತುದಿ ಹಸಿರಾಗೇ ಉಳಿಯುತ್ತದೆ, ಕೊನೆಗೆ ಗಿಡ ಒಣಗುತ್ತದೆ. ಹಿಡಿದ ಗಿಡವನ್ನು ವಾಸಿ ಮಾಡುವ ಮದ್ದಿಲ್ಲ. ಇದನ್ನು ಗಿಡದಿಂದ ಗಿಡಕ್ಕೆ ಹೊರುವುದು ಸಿಲ್ಲಾ ಎಂಬ ಕೀಟ ಎಂದು 1967ರಲ್ಲಿ ನಮ್ಮ ದೇಶದ್ದೇ ವಿಜ್ಞಾನಿಗಳಾದ ಕಪೂರ್ ಮತ್ತು ಸಂಗಡಿಗರು ತೋರಿಸಿದರು. ಮೂರು ನಾಲ್ಕು ಮಿಲಿಮೀಟರಿನ ಹುಳು. ಎಳೆ ಚಿಗುರಿನ ಮೇಲೆ ತಲೆ ಕೆಳಗೆ, ಹಿಂಭಾಗ ಮೇಲೆ ಎತ್ತಿ ಓರೆಯಾಗಿ ಕೂರುತ್ತದೆ. ಕೊಡಗಿನ ಕಿತ್ತಳೆ ಸೊರಗಿದ್ದಕ್ಕೆ ಇರುವ ಹಲವು ಕಾರಣಗಳಲ್ಲಿ ಈ ರೋಗವೂ ಒಂದು. ಅಮೆರಿಕದ ಫ್ಲಾರಿಡಾದಲ್ಲಿ ಕೀಟ 1998ರಲ್ಲಿ, ರೋಗ 2005ರಲ್ಲಿ ಪತ್ತೆಯಾಯಿತು. ಇಂದು ಅಲ್ಲಿನ ಕಿತ್ತಳೆ ಇಳುವರಿ ಹಿಂದಿದ್ದದ್ದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಆ ಭಯದಿಂದಲೇ ಅವರು ಸೂಟ್‌ಕೇಸ್ ತೆರೆದು ನೋಡುವುದು.

ಈ ಕೀಟ ಎಲ್ಲಿ ಬೇಕಾದರೂ ಮೊಟ್ಟೆ ಇಡುವುದಿಲ್ಲ. ನಿಂಬೆಯ ನೆಂಟರನ್ನು ಹುಡುಕುತ್ತದೆ. ಕಾಮಿನಿ ಅದಕ್ಕೆ ಬಲು ಇಷ್ಟ. ಕರಿಬೇವಿನ ಚಿಗುರಿನಲ್ಲೂ ಮರಿ ಮಾಡುತ್ತದೆ. ಆದರೆ ರೋಗಾಣುವಿನ ಲೆಕ್ಕ ಬೇರೆ. ಪ್ರಯೋಗಗಳಲ್ಲಿ ರೋಗಾಣು ಕಾಮಿನಿಯನ್ನು ಹಿಡಿದಿದೆ, ಕರಿಬೇವಿನಲ್ಲಿ ನೆಲೆಯೂರಿಲ್ಲ. ಡಿಎನ್‌ಎ ಮರದಲ್ಲಿ ಕಾಮಿನಿ ಕಿತ್ತಳೆಗೆ ಹತ್ತಿರ, ಕರಿಬೇವು ಅದಕ್ಕಿಂತ ದೂರ. ಇವೆರಡೂ ಒಂದೇ ಮುರ್ರಾಯ ಎಂದು ಬರೆದಿಟ್ಟರೆ ಒಂದರ ಅಪಾಯವನ್ನು ಇನ್ನೊಂದರ ಲೆಕ್ಕಕ್ಕೆ ಹಾಕಿದಂತೆ ಆಗುತ್ತದೆ. ನೆಂಟಸ್ತಿಕೆ ಎಲ್ಲವನ್ನೂ ಹೇಳುವುದಿಲ್ಲ. ಆದರೆ ರೋಗ ತಡೆಯುವ ಗುಣ ಯಾವ ಕಾಡು ನೆಂಟರಲ್ಲಿ ಹುಡುಕಬೇಕು, ಯಾವುದಕ್ಕೆ ಯಾವುದನ್ನು ಕಸಿ ಕಟ್ಟಿ ನೋಡಬೇಕು ಎಂದು ಹುಡುಕಾಟ ಶುರು ಮಾಡುವುದು ಆ ಮರ ನೋಡಿಯೇ.

ಈ ಬರಹಕ್ಕಾಗಿ ನಾವು ಒಂದು ನರ್ಸರಿಗೆ ಹೋಗಿದ್ದೆವು. ನಿಂಬೆ ಸಸಿ, ಕರಿಬೇವು, ಕಾಮಿನಿ ಮೂರನ್ನೂ ಒಂದೇ ನೆರಳುಬಲೆಯ ಕೆಳಗೆ ಒತ್ತಿ ಇಟ್ಟಿದ್ದರು. ಕಾಮಿನಿಯ ಚೀಟಿಯ ಮೇಲೂ ಕರಿಬೇವಿನ ಚೀಟಿಯ ಮೇಲೂ ಮುರ್ರಾಯ ಎಂದೇ ಇತ್ತು. ಮಾರುವವರನ್ನು ದೂರಿ ಪ್ರಯೋಜನವಿಲ್ಲ, ಅವರು ಓದಿದ ಪುಸ್ತಕದಲ್ಲಿ ಇದ್ದದ್ದೂ ಅದೇ.

ನೀವು ಹಿತ್ತಲಿನ ಕರಿಬೇವನ್ನು ಕಡಿಯಬೇಕಿಲ್ಲ. ನಿಂಬೆ ಅಥವಾ ಕಿತ್ತಳೆ ತೋಟ ಇದ್ದರೆ ಇಷ್ಟು ಮಾಡಿ. ತೋಟದ ಪಕ್ಕ ಕಾಮಿನಿ ಬೇಲಿ ಹಾಕಬೇಡಿ. ಕರಿಬೇವು ಚಿಗುರಿದಾಗ ಒಮ್ಮೆ ಎಲೆ ತಿರುಗಿಸಿ, ಹಿಂಭಾಗ ಎತ್ತಿ ಕೂತ ಹುಳು ಇದೆಯೇ ನೋಡಿ. ಇದ್ದರೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ. ಸಸಿ ಕೊಳ್ಳುವಾಗ ಯಾವ ತಾಯಿಗಿಡದ್ದು, ಯಾವ ಬೇರಿನ ಮೇಲೆ ಕಸಿ ಕಟ್ಟಿದ್ದು ಎಂದು ವಿಚಾರಿಸಿ. ಮದುವೆಗೆ ಮುಂಚೆ ಮನೆತನ ವಿಚಾರಿಸುವ ನಾವು ಮೂವತ್ತು ವರ್ಷ ನಿಲ್ಲುವ ಗಿಡದ ಮನೆತನ ಕೇಳುವುದಕ್ಕೆ ಸಂಕೋಚ ಪಡಬೇಕಿಲ್ಲ.